ಕೈದಿಗಳನ್ನ ಹಡಗಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೆ ಕಳಿಸಿದ್ದು ಯಾಕೆ, ಅಲ್ಲಿ ಅವ್ರು ಏನ್ ಮಾಡ್ತಿದ್ರು?

ಆಸ್ಟ್ರೇಲಿಯಾ ಜೊತೆ ಕ್ರಿಕೆಟ್ ಸೀರೀಸ್ ಶುರುವಾದ್ರೆ ಸಾಕು, "ಬಿಡ್ರೀ, ಅವ್ರೆಲ್ಲ ಕಳ್ಳರ ವಂಶ, ಬ್ರಿಟಿಷರು ಗಡೀಪಾರು ಮಾಡಿದ ಕೈದಿಗಳು" ಅನ್ನೋ ಮಾತು ಎಲ್ಲಾದ್ರೂ ಒಂದು ಕಡೆ ಬಂದೇ ಬರುತ್ತೆ. ಈ ಮಾತಲ್ಲಿ ಸ್ವಲ್ಪ ನಿಜ ಇದೆ, ಆದ್ರೆ ಹಿಂದುಮುಂದು ಗೊತ್ತಿಲ್ದೆ ಇದ್ರೆ ಆ ಸ್ವಲ್ಪ ನಿಜಾನೂ ತಪ್ಪಾಗೇ ಅರ್ಥ ಆಗುತ್ತೆ. ಈಗ ನಮ್ಮ ಕಡೆಯಿಂದ ಓದೋಕೆ, ಕೆಲಸಕ್ಕೆ ಅಂತ ಸಿಡ್ನಿ, ಮೆಲ್ಬರ್ನ್, ಪರ್ತ್‌ಗೆ ಹೋಗೋರು ಜಾಸ್ತಿ ಆಗಿದಾರೆ, ಅವ್ರ ಮಕ್ಕಳಿಗೆ ಅಲ್ಲಿನ ಸ್ಕೂಲಲ್ಲಿ ಇದು ಪಾಠ. ಜನವರಿ 26 ನಮಗೆ ಗಣರಾಜ್ಯೋತ್ಸವ ಆದ್ರೆ ಅಲ್ಲಿ ಆಸ್ಟ್ರೇಲಿಯಾ ಡೇ, ಅವತ್ತು ಅಲ್ಲಿ ಒಂದು ಕಡೆ ಸಂಭ್ರಮ ಇನ್ನೊಂದು ಕಡೆ ಪ್ರತಿಭಟನೆ, ಎರಡೂ ನಡೆಯುತ್ತೆ. ಯಾಕೆ ಹಾಗೆ ಅಂತ ತಿಳೀಬೇಕಂದ್ರೆ ಈ ಕೈದಿಗಳ ಕತೆ ಬುಡದಿಂದ ಗೊತ್ತಿರಬೇಕು.

ಆಸ್ಟ್ರೇಲಿಯಾನ ಬ್ರಿಟಿಷರು ಒಂದು ದೊಡ್ಡ ಜೈಲು ಮಾಡ್ಕೊಂಡಿದ್ರು ಅಂತ ನಾವು ಅಂದ್ಕೊಂಡಿರ್ತೀವಿ. ಆದ್ರೆ ಅಲ್ಲಿಗೆ ಹೋದ ಕೈದಿಗಳಲ್ಲಿ ಹೆಚ್ಚಿನವ್ರು ತಮ್ಮ ಶಿಕ್ಷೆಯ ಬಹುಪಾಲು ಕಾಲ ಕಂಬಿ ಹಿಂದೆ ಇರ್ಲೇ ಇಲ್ಲ. ಹೊಲದಲ್ಲಿ, ಕುರಿ ಹಟ್ಟಿಯಲ್ಲಿ, ರಸ್ತೆ ಮೇಲೆ, ಯಾರದೋ ಮನೆ ಅಡುಗೆಕೋಣೆಯಲ್ಲಿ ಇದ್ರು. ಇಡೀ ವ್ಯವಸ್ಥೆ ನಿಂತಿದ್ದೇ ಅವ್ರ ದುಡಿಮೆ ಮೇಲೆ.

ಶಿಕ್ಷೆ ಅಂದ್ರೆ ನೇಣು, ಇಲ್ಲಾ ಸಮುದ್ರ

ಮೊದ್ಲು ಅಂಕಿ ಸಂಖ್ಯೆ ಹೇಳ್ಬಿಡ್ತೀನಿ. 1788ರಿಂದ 1868ರವರೆಗೆ, ಅಂದ್ರೆ 80 ವರ್ಷದಲ್ಲಿ, ಸುಮಾರು 1,62,000 ಜನರನ್ನ ಬ್ರಿಟನ್ ಮತ್ತು ಐರ್ಲೆಂಡಿಂದ ಆಸ್ಟ್ರೇಲಿಯಾಕ್ಕೆ ಸಾಗಿಸಿದ್ರು. ಅದ್ರಲ್ಲಿ ಹೆಂಗಸರು ಸುಮಾರು 25,000. ಇದಕ್ಕೆ ಅವ್ರ ಕಾನೂನಲ್ಲಿ ಟ್ರಾನ್ಸ್‌ಪೋರ್ಟೇಶನ್ ಅಂತಿದ್ರು, ನಮ್ಮಲ್ಲಿ ಗಡೀಪಾರು ಅಂತೀವಲ್ಲ ಅದೇ, ಆದ್ರೆ ಊರಿಂದಾಚೆ ಅಲ್ಲ, ಸಮುದ್ರದಾಚೆ. ಶಿಕ್ಷೆ ಹೆಚ್ಚಾಗಿ ಮೂರು ಥರ ಇರ್ತಿತ್ತು, 7 ವರ್ಷ, 14 ವರ್ಷ, ಇಲ್ಲಾ ಜೀವಾವಧಿ.

ಇಷ್ಟು ದೂರ ಕಳಿಸೋ ಅಂಥಾ ಅಪರಾಧ ಏನ್ ಮಾಡಿದ್ರು? ಹೆಚ್ಚಿನವ್ರದ್ದು ಕಳ್ಳತನ. ಬಟ್ಟೆ, ಕರ್ಚೀಫು, ಗಡಿಯಾರ, ಚಮಚ, ಕುರಿ, ಕೋಳಿ, ಕುದುರೆ. ಕೊಲೆಗಾರರು ಕಮ್ಮಿ, ಯಾಕಂದ್ರೆ ಅವ್ರನ್ನ ಅಲ್ಲೇ ನೇಣಿಗೆ ಹಾಕ್ತಿದ್ರು. ಹಾಗಂತ "ಪಾಪ ಒಂದು ತುಂಡು ಬ್ರೆಡ್ ಕದ್ದಿದ್ದಕ್ಕೆ" ಅನ್ನೋ ಸಿನಿಮಾ ಥರದ ಕತೆನೂ ಪೂರ್ತಿ ಸರಿ ಅಲ್ಲ, ತುಂಬಾ ಜನಕ್ಕೆ ಮುಂಚೆನೂ ಒಂದೋ ಎರಡೋ ಸಲ ಶಿಕ್ಷೆ ಆಗಿತ್ತು. ಲಂಡನ್ ಥರದ ಊರುಗಳು ಬೆಳೀತಿದ್ವು, ಹಳ್ಳಿಗಳಲ್ಲಿ ಎಲ್ರಿಗೂ ಸೇರಿದ್ದ ಗೋಮಾಳದಂಥ ಜಾಗಗಳಿಗೆ ಜಮೀನ್ದಾರರು ಬೇಲಿ ಹಾಕ್ಕೊಂಡ್ರು, ಕೂಲಿ ಇಲ್ದೆ ಜನ ಪಟ್ಟಣ ಸೇರಿದ್ರು, ಅಲ್ಲಿ ಕಣ್ಣೆದುರಿಗೆ ಅಂಗಡಿ ತುಂಬಾ ಸಾಮಾನು. ಕದಿಯೋದು ಕೆಲವ್ರಿಗೆ ಹಸಿವಿನ ದಾರಿ, ಕೆಲವ್ರಿಗೆ ಕಸುಬೇ ಆಗಿತ್ತು.

ಕಾನೂನು ಮಾತ್ರ ಭಯಂಕರವಾಗಿತ್ತು. 19ನೇ ಶತಮಾನದ ಶುರುವಲ್ಲಿ ಇಂಗ್ಲೆಂಡಲ್ಲಿ 200ಕ್ಕಿಂತ ಹೆಚ್ಚು ಅಪರಾಧಗಳಿಗೆ ಮರಣದಂಡನೆ ಇತ್ತು. ಒಂದು ಮನೆಯಿಂದ 40 ಶಿಲ್ಲಿಂಗ್ ಬೆಲೆಯ ಮಾಲು ಕದ್ರೆ ನೇಣು. ಎಷ್ಟೋ ಸಲ ಜ್ಯೂರಿಯವ್ರಿಗೇ ಮನಸ್ಸು ಒಪ್ತಿರ್ಲಿಲ್ಲ, ಹಾಗಾಗಿ ಕದ್ದ ಮಾಲು ಎಷ್ಟೇ ಬೆಲೆ ಬಾಳಿದ್ರೂ "ಇದು 39 ಶಿಲ್ಲಿಂಗ್ ಅಷ್ಟೇ" ಅಂತ ತೀರ್ಪು ಬರೆದು ಒಂದು ಜೀವ ಉಳಿಸ್ತಿದ್ರು. ಇನ್ನು ಕೆಲವ್ರಿಗೆ ನೇಣು ಅಂತ ಹೇಳಿ ಆಮೇಲೆ ರಾಜನ ಹೆಸರಲ್ಲಿ ಗಡೀಪಾರಿಗೆ ಇಳಿಸ್ತಿದ್ರು. ಮೇರಿ ವೇಡ್ ಅನ್ನೋ ಹುಡುಗಿಗೆ ಇನ್ನೊಂದು ಪುಟ್ಟ ಹುಡುಗಿಯ ಬಟ್ಟೆ ಬಿಚ್ಚಿಸ್ಕೊಂಡು ಕದ್ದಿದ್ದಕ್ಕೆ 1789ರಲ್ಲಿ ಮರಣದಂಡನೆ ಆಯ್ತು, ಅವಳಿಗಿನ್ನೂ ಪ್ರಾಯಕ್ಕೆ ಬರೋ ವಯಸ್ಸೂ ಅಲ್ಲ. ಆಮೇಲೆ ಶಿಕ್ಷೆ ಇಳಿಸಿ ಹಡಗು ಹತ್ತಿಸಿದ್ರು. ನೇಣು ಜಾಸ್ತಿ ಆಯ್ತು, ಸುಮ್ನೆ ಬಿಡೋಕೂ ಆಗಲ್ಲ, ನಡುವೆ ಏನಾದ್ರೂ ಒಂದು ಬೇಕಿತ್ತು, ಆ ಜಾಗ ತುಂಬಿದ್ದು ಗಡೀಪಾರು. ಜೈಲಲ್ಲಿ ಇಷ್ಟು ವರ್ಷ ಇಡೋದೇ ಶಿಕ್ಷೆ ಅನ್ನೋ ಪದ್ಧತಿ ಆವಾಗಿನ್ನೂ ಬೇರೂರಿರ್ಲಿಲ್ಲ, ಜೈಲು ಇದ್ದಿದ್ದು ಹೆಚ್ಚಾಗಿ ವಿಚಾರಣೆ ಆಗೋವರೆಗೂ, ಇಲ್ಲಾ ಸಾಲ ತೀರಿಸದೇ ಇರೋರನ್ನ ಇಡೋಕೆ.

ಆಸ್ಟ್ರೇಲಿಯಾನೇ ಯಾಕೆ?

ಇದಕ್ಕೂ ಮುಂಚೆ ಕೈದಿಗಳು ಹೋಗ್ತಿದ್ದಿದ್ದು ಅಮೆರಿಕಾಕ್ಕೆ. 1718ರ ಕಾಯ್ದೆ ಬಂದ ಮೇಲೆ ಸುಮಾರು 50,000 ಜನರನ್ನ ಅಲ್ಲಿಗೆ ಸಾಗಿಸಿದ್ರು, ಅಲ್ಲಿನ ಜಮೀನ್ದಾರರು ದುಡ್ಡು ಕೊಟ್ಟು ಅವ್ರ ದುಡಿಮೆ ಕೊಳ್ತಿದ್ರು. 1775ರಲ್ಲಿ ಅಮೆರಿಕಾದವ್ರು ಬ್ರಿಟನ್ ವಿರುದ್ಧ ಯುದ್ಧಕ್ಕೆ ನಿಂತ್ರು, ಆ ದಾರಿ ಮುಚ್ಚಿಹೋಯ್ತು. ಆದ್ರೆ ಕೋರ್ಟುಗಳು ಗಡೀಪಾರು ಶಿಕ್ಷೆ ಕೊಡೋದನ್ನ ನಿಲ್ಲಿಸ್ಲಿಲ್ಲ. ಇವ್ರನ್ನ ಎಲ್ಲಿಡೋದು? ಥೇಮ್ಸ್ ನದಿಯಲ್ಲಿ, ಪೋರ್ಟ್ಸ್‌ಮತ್, ಪ್ಲಿಮತ್ ಬಂದರುಗಳಲ್ಲಿ ಹಳೇ ಯುದ್ಧದ ಹಡಗುಗಳನ್ನ ಲಂಗರು ಹಾಕಿ ನಿಲ್ಸಿ ಅದ್ರೊಳಗೆ ತುಂಬಿದ್ರು. ಹಲ್ಕ್ ಅಂತಿದ್ರು ಇವಕ್ಕೆ. ಹಗಲು ದಡದಲ್ಲಿ ಮಣ್ಣು ತೋಡೋ ಕೆಲಸ, ರಾತ್ರಿ ಹಡಗಿನ ಹೊಟ್ಟೆಯೊಳಗೆ ಕಾಲಿಗೆ ಬೇಡಿ. ಜ್ವರ ಬಂದು ಜನ ಸಾಯ್ತಿದ್ರು. ತಾತ್ಕಾಲಿಕ ಅಂತ 1776ರಲ್ಲಿ ಶುರು ಮಾಡಿದ ಈ ಹಡಗುಜೈಲುಗಳು 1850ರ ದಶಕದವರೆಗೂ ನಡೆದ್ವು.

1770ರಲ್ಲಿ ಕ್ಯಾಪ್ಟನ್ ಕುಕ್ ಆಸ್ಟ್ರೇಲಿಯಾದ ಪೂರ್ವ ಕರಾವಳಿ ನೋಡಿ ಬಂದಿದ್ದ, ಅವನ ಜೊತೆ ಹೋಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ 1779ರಲ್ಲಿ ಪಾರ್ಲಿಮೆಂಟ್ ಕಮಿಟಿ ಮುಂದೆ, ಕೈದಿಗಳನ್ನ ಕಳಿಸೋಕೆ ಆ ಕರಾವಳಿಯ ಬಾಟನಿ ಬೇ ಅನ್ನೋ ಕೊಲ್ಲಿ ಆಗಬಹುದು ಅಂತ ಹೇಳಿದ್ದ. 1786ರಲ್ಲಿ ಸರ್ಕಾರ ಅದನ್ನೇ ಒಪ್ಪಿಕೊಳ್ತು. ಬರೀ ಕೈದಿಗಳನ್ನ ಸಾಗಹಾಕೋದೇ ಕಾರಣನಾ, ಇಲ್ಲಾ ಪೆಸಿಫಿಕ್ ಕಡೆ ಒಂದು ನೆಲೆ ಬೇಕು, ಹಡಗಿನ ಕಂಬಕ್ಕೆ ಮರ, ಹಾಯಿಗೆ ನಾರು ಸಿಗುತ್ತೆ ಅನ್ನೋ ಲೆಕ್ಕಾಚಾರನೂ ಇತ್ತಾ ಅನ್ನೋದ್ರ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಚರ್ಚೆ ಇದೆ.

ಹಡಗಿನ ದಾರಿ

ಮೊದಲ ತಂಡಕ್ಕೆ ಫಸ್ಟ್ ಫ್ಲೀಟ್ ಅಂತಾರೆ. 11 ಹಡಗು, 1787ರ ಮೇ 13ಕ್ಕೆ ಪೋರ್ಟ್ಸ್‌ಮತ್ ಬಿಟ್ವು. ಟೆನೆರಿಫ್, ರಿಯೋ, ಕೇಪ್ ಟೌನ್ ಸುತ್ತಿಕೊಂಡು ಎಂಟು ತಿಂಗಳ ಮೇಲೆ ಬಾಟನಿ ಬೇ ತಲುಪಿದ್ವು. ಅಲ್ಲಿ ಸಿಹಿನೀರು ಸಾಲದು, ನೆಲ ಸರಿ ಇಲ್ಲ ಅಂತ ಗವರ್ನರ್ ಆರ್ಥರ್ ಫಿಲಿಪ್ ಸ್ವಲ್ಪ ಉತ್ತರಕ್ಕೆ ಹೋಗಿ 1788ರ ಜನವರಿ 26ಕ್ಕೆ ಈಗಿನ ಸಿಡ್ನಿ ಇರೋ ಜಾಗದಲ್ಲಿ ಬಾವುಟ ನೆಟ್ಟ. ಮೇಲೆ ಹೇಳಿದ ಜನವರಿ 26 ಇದೇ.

ಎರಡನೇ ತಂಡದ ಕತೆ ಹೇಳ್ಲೇಬೇಕು, ಯಾಕಂದ್ರೆ ಕಾಂಟ್ರಾಕ್ಟ್ ಹೇಗೆ ಬರೆದಿದಾರೆ ಅನ್ನೋದ್ರ ಮೇಲೆ ಮನುಷ್ಯರ ಜೀವ ಹೇಗೆ ನಿಂತಿರುತ್ತೆ ಅನ್ನೋದು ಇದ್ರಲ್ಲಿ ಕಾಣುತ್ತೆ. 1790ರ ಸೆಕೆಂಡ್ ಫ್ಲೀಟನ್ನ ಗುಲಾಮರ ವ್ಯಾಪಾರ ಮಾಡ್ತಿದ್ದ ಒಂದು ಲಂಡನ್ ಕಂಪನಿಗೆ ಕಾಂಟ್ರಾಕ್ಟ್ ಕೊಟ್ರು. ದುಡ್ಡು ಕೊಟ್ಟಿದ್ದು ಹಡಗು ಹತ್ತಿದವ್ರ ತಲೆ ಲೆಕ್ಕದಲ್ಲಿ, ಜೀವಂತ ಇಳಿದವ್ರ ಲೆಕ್ಕದಲ್ಲಲ್ಲ. ಅಂದ್ರೆ ದಾರಿಯಲ್ಲಿ ಒಬ್ಬ ಸತ್ರೆ ಕಾಂಟ್ರಾಕ್ಟರಿಗೆ ನಷ್ಟ ಇಲ್ಲ, ಅವನ ಊಟದ ಸಾಮಾನು ಉಳೀತು, ಅದನ್ನ ಮಾರ್ಕೋಬಹುದು. ಸುಮಾರು ಸಾವಿರ ಕೈದಿಗಳಲ್ಲಿ ಕಾಲುಭಾಗ ಸಮುದ್ರದಲ್ಲೇ ಸತ್ರು, ಸಿಡ್ನಿಯಲ್ಲಿ ಇಳಿದವ್ರಲ್ಲಿ ಎಷ್ಟೋ ಜನಕ್ಕೆ ನಿಲ್ಲೋಕೂ ತ್ರಾಣ ಇರ್ಲಿಲ್ಲ, ಇಳಿದ ಮೇಲೂ ಸತ್ರು. ಆಮೇಲೆ ನಿಯಮ ಬದಲಾಗ್ತಾ ಬಂತು, ಜೀವಂತ ತಲುಪಿಸಿದ್ರೆ ಹೆಚ್ಚು ದುಡ್ಡು ಅಂತಾಯ್ತು, 1815ರಿಂದ ಪ್ರತಿ ಹಡಗಲ್ಲೂ ಕೈದಿಗಳ ಆರೋಗ್ಯಕ್ಕೇ ಅಂತ ನೌಕಾದಳದ ಒಬ್ಬ ಡಾಕ್ಟರ್, ಅವನ ಮಾತು ಕ್ಯಾಪ್ಟನ್ ಕೂಡ ಕೇಳಬೇಕು. ಡೆಕ್ ತೊಳೆಸೋದು, ಹಾಸಿಗೆ ಬಿಸಿಲಿಗೆ ಹಾಕಿಸೋದು, ನಿಂಬೆ ರಸ ಕುಡಿಸೋದು ಇಷ್ಟೇ. ಸಾವು ನೂರಕ್ಕೆ ಒಂದೆರಡಕ್ಕೆ ಇಳೀತು.

ಹೊರಡೋ ಮುಂಚೆ ಜೈಲಲ್ಲಿ, ಹಲ್ಕಲ್ಲಿ ಕಾಯ್ತಾ ಇರೋವಾಗ ಕೆಲವ್ರು ತಾಮ್ರದ ಒಂದು ಪೆನ್ನಿ ನಾಣ್ಯ ತಗೊಂಡು ಅದ್ರ ಮೇಲಿನ ರಾಜನ ಮುಖ ಪೂರ್ತಿ ಅಳಿಸೋವರೆಗೂ ಉಜ್ಜಿ ನುಣುಪು ಮಾಡಿ, ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು, ಶಿಕ್ಷೆ ಎಷ್ಟು ವರ್ಷ, ಎರಡು ಸಾಲು ಪದ್ಯ ಕೊರೆದು ಹೆಂಡತಿಗೋ ಅಮ್ಮನಿಗೋ ಕೊಟ್ಟು ಹೋಗ್ತಿದ್ರು. ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಮ್ಮಲ್ಲಿ ಇಂಥಾ ನೂರಾರು ನಾಣ್ಯ ಇದೆ. 7 ವರ್ಷ ಶಿಕ್ಷೆ ಅಂತ ಇದ್ರೂ ಮುಗಿದ ಮೇಲೆ ವಾಪಸ್ ಬರೋ ಹಡಗಿನ ಖರ್ಚು ಅವ್ರವ್ರದ್ದೇ, ಬಡವ್ರಿಗೆ ಅದು ಆಗದ ಮಾತು, ಹಾಗಾಗಿ ಹೆಚ್ಚಿನವ್ರಿಗೆ ಅದೇ ಕೊನೇ ಭೇಟಿ ಅಂತ ಗೊತ್ತಿತ್ತು.

ಇಳಿದ ಮೇಲೆ ಏನು?

ಮೊದಲ ಎರಡು ಮೂರು ವರ್ಷ ಹಸಿವು. ನೆಲ ಹೊಸದು, ಬೇಸಾಯ ಗೊತ್ತಿರೋರು ಕಮ್ಮಿ, ತಂದ ಸಾಮಾನು ಖಾಲಿ. ಕೈದಿಗೂ ಸೈನಿಕನಿಗೂ ರೇಷನ್ ಕಡಿತ. ಆಗ ಫಿಲಿಪ್ ಒಂದು ಹಡಗನ್ನ ಕಲ್ಕತ್ತಾಕ್ಕೆ ಓಡಿಸಿದ, 1792ರಲ್ಲಿ ಅದು ವಾಪಸ್ ಬಂದಾಗ ಅದ್ರಲ್ಲಿ ಇದ್ದಿದ್ದು ಅಕ್ಕಿ, ಸೂಜಿ ರವೆ, ಬೇಳೆ. ಲಂಡನ್ ಕಳ್ಳರು, ಐರಿಶ್ ರೈತರು ಕೆಲ ಕಾಲ ಬಂಗಾಳದ ಅನ್ನ ಬೇಳೆ ತಿಂದ್ಕೊಂಡಿದ್ರು. ಅಲ್ಲಿನ ಅಧಿಕಾರಿಯೊಬ್ಬ ಬರೆದಿಟ್ಟ ದಾಖಲೆಯಲ್ಲೂ ಇದೆ ಇದು.

ಆಮೇಲೆ ನಿಧಾನಕ್ಕೆ ಒಂದು ಪದ್ಧತಿ ಕೂಡಿಬಂತು. ಹಡಗು ಬಂದ ತಕ್ಷಣ ಅಧಿಕಾರಿಗಳು ಬಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಹೆಸರು, ಊರು, ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ಗಾಯದ ಗುರುತು, ಮುಖ್ಯವಾಗಿ ಏನ್ ಕೆಲಸ ಬರುತ್ತೆ ಅಂತ ಬರ್ಕೊಳ್ತಿದ್ರು. ಬಡಗಿ, ಗಾರೆಯವ್ನು, ಕಮ್ಮಾರ ಆಗಿದ್ರೆ ಸರ್ಕಾರನೇ ಇಟ್ಕೊಳ್ತಿತ್ತು. ಉಳಿದವ್ರನ್ನ ಅರ್ಜಿ ಹಾಕಿದ ರೈತರಿಗೆ, ಕುರಿ ಸಾಕೋರಿಗೆ, ಮನೆ ಯಜಮಾನರಿಗೆ ಹಂಚ್ತಿದ್ರು. ಇದಕ್ಕೆ ಅಸೈನ್‌ಮೆಂಟ್ ಅಂತ ಹೆಸರು. ಯಜಮಾನ ಊಟ, ಬಟ್ಟೆ, ಇರೋಕೆ ಜಾಗ ಕೊಡಬೇಕು, ಸಂಬಳ ಕೊಡಬೇಕಾಗಿಲ್ಲ. ನಮ್ಮ ಕಡೆಯ ಜೀತ ನೆನಪಾಗುತ್ತೆ ಅಲ್ವಾ, ಹೌದು, ದಿನದ ಬದುಕು ಸುಮಾರು ಹಾಗೇ ಇತ್ತು, ಆದ್ರೆ ಎರಡು ವ್ಯತ್ಯಾಸ. ಜೀತದಲ್ಲಿ ಸಾಲ ಅಪ್ಪನಿಂದ ಮಗನಿಗೆ ಬರ್ತಿತ್ತು, ಇಲ್ಲಿ ಶಿಕ್ಷೆ ಮಕ್ಕಳಿಗೆ ಬರ್ತಿರ್ಲಿಲ್ಲ, ಕೈದಿಗೆ ಹುಟ್ಟಿದ ಮಗು ಸ್ವತಂತ್ರ. ಇನ್ನೊಂದು, ಯಜಮಾನ ತಾನೇ ಚಾಟಿ ಎತ್ತೋ ಹಾಗಿಲ್ಲ, ಮ್ಯಾಜಿಸ್ಟ್ರೇಟ್ ಹತ್ರ ಕರ್ಕೊಂಡು ಹೋಗಬೇಕು. ಆದ್ರೆ ಆ ಮ್ಯಾಜಿಸ್ಟ್ರೇಟ್ ಸಾಮಾನ್ಯವಾಗಿ ಪಕ್ಕದ ಜಮೀನಿನ ಯಜಮಾನನೇ ಆಗಿರ್ತಿದ್ದ. ಎದುರು ಮಾತಾಡಿದ್ದಕ್ಕೆ, ಕುಡಿದಿದ್ದಕ್ಕೆ, ಕೆಲಸಕ್ಕೆ ತಡವಾಗಿ ಬಂದಿದ್ದಕ್ಕೆ 25, 50, ಕೆಲವು ಸಲ 100 ಏಟು, ಒಂಬತ್ತು ಎಳೆ ಇರೋ ಚಾಟಿಯಲ್ಲಿ.

ಹೆಂಗಸರ ಪಾಡು ಬೇರೆ. ಹೆಚ್ಚಿನವ್ರನ್ನ ಮನೆಗೆಲಸಕ್ಕೆ ಕಳಿಸ್ತಿದ್ರು, ಅಲ್ಲಿ ಯಜಮಾನ ಎಂಥವ್ನು ಅನ್ನೋದ್ರ ಮೇಲೆ ಅವ್ರ ಹಣೆಬರಹ. ಕೆಲಸ ಸಿಗದೇ ಇದ್ರೆ, ಗರ್ಭಿಣಿ ಆದ್ರೆ, ತಪ್ಪು ಮಾಡಿದ್ರೆ ಫೀಮೇಲ್ ಫ್ಯಾಕ್ಟರಿಗೆ. ಪ್ಯಾರಮಾಟಾ ಮತ್ತು ಹೋಬಾರ್ಟಿನ ಕ್ಯಾಸ್ಕೇಡ್ಸ್ ಇವು ಹೆಸರಾಂತವು. ಉಣ್ಣೆ ನೂಲೋದು, ನೇಯೋದು, ಬಟ್ಟೆ ಒಗೆಯೋದು ಅಲ್ಲಿ ಕೆಲಸ. ಅದು ಜೈಲೂ ಹೌದು, ಹೆರಿಗೆ ಮನೆನೂ ಹೌದು, ಪ್ಯಾರಮಾಟಾದಲ್ಲಂತೂ ಮದುವೆ ಆಗಬೇಕು ಅನ್ನೋ ಗಂಡಸರು ಪರ್ಮಿಷನ್ ತಗೊಂಡು ಬಂದು ಸಾಲಾಗಿ ನಿಂತ ಹೆಂಗಸರಲ್ಲಿ ಆರಿಸ್ಕೊಳ್ತಿದ್ರು. ಕ್ಯಾಸ್ಕೇಡ್ಸಲ್ಲಿ ಮಗು ಹಾಲು ಬಿಟ್ಟ ತಕ್ಷಣ ತಾಯಿಯಿಂದ ಬೇರೆ ಮಾಡ್ತಿದ್ರು, ಅಲ್ಲಿ ಸತ್ತ ಕೂಸುಗಳ ಸಂಖ್ಯೆ ಓದೋಕೆ ಕಷ್ಟ ಆಗುತ್ತೆ.

ಬಿಡುಗಡೆಗೆ ಮೆಟ್ಟಿಲು

ಗೋಡೆ ಇಲ್ಲದೇ ಇಷ್ಟು ಜನರನ್ನ ಹತೋಟಿಯಲ್ಲಿ ಇಟ್ಟಿದ್ದು ಹೇಗೆ? ಓಡಿಹೋದ್ರೆ ಸುತ್ತ ಸಮುದ್ರ, ಗೊತ್ತಿಲ್ಲದ ಕಾಡು ಅನ್ನೋದು ಒಂದು. ಆದ್ರೆ ಅದಕ್ಕಿಂತ ಗಟ್ಟಿಯಾಗಿ ಹಿಡಿದಿದ್ದು ಆಸೆ. ಚೆನ್ನಾಗಿ ನಡ್ಕೊಂಡ್ರೆ ಟಿಕೆಟ್ ಆಫ್ ಲೀವ್ ಅನ್ನೋ ಚೀಟಿ ಸಿಗ್ತಿತ್ತು. ನ್ಯೂ ಸೌತ್ ವೇಲ್ಸ್, ಅಂದ್ರೆ ಸಿಡ್ನಿ ಇರೋ ವಸಾಹತಿನ, ನಿಯಮದ ಪ್ರಕಾರ ಒಬ್ಬನೇ ಯಜಮಾನನ ಹತ್ರ ಇದ್ರೆ 7 ವರ್ಷದ ಶಿಕ್ಷೆಯವ್ರಿಗೆ 4 ವರ್ಷಕ್ಕೆ, 14 ವರ್ಷದವ್ರಿಗೆ 6 ವರ್ಷಕ್ಕೆ, ಜೀವಾವಧಿಯವ್ರಿಗೆ 8 ವರ್ಷಕ್ಕೆ. ಚೀಟಿ ಸಿಕ್ಕಿದ್ರೆ ಇಷ್ಟ ಬಂದ ಕಡೆ ದುಡಿದು ಸಂಬಳ ತಗೋಬಹುದು, ಆದ್ರೆ ಆ ಜಿಲ್ಲೆ ಬಿಟ್ಟು ಹೋಗೋ ಹಾಗಿಲ್ಲ, ಹಾಜರಿ ಹಾಕಬೇಕು, ಸಣ್ಣ ತಪ್ಪು ಮಾಡಿದ್ರೂ ಚೀಟಿ ಕಿತ್ಕೊಳ್ತಾರೆ. ಅದ್ರ ಮೇಲೆ ಷರತ್ತಿನ ಕ್ಷಮಾದಾನ, ಅಂದ್ರೆ ಸ್ವತಂತ್ರ ಆದ್ರೆ ಬ್ರಿಟನ್ನಿಗೆ ವಾಪಸ್ ಹೋಗೋ ಹಾಗಿಲ್ಲ. ಅದಕ್ಕೂ ಮೇಲೆ ಪೂರ್ತಿ ಕ್ಷಮಾದಾನ. ಅವಧಿ ಪೂರ್ತಿ ಮುಗಿಸಿದವ್ರಿಗೆ ಸ್ವಾತಂತ್ರ್ಯದ ಸರ್ಟಿಫಿಕೇಟು. ಇವತ್ತಿನ ಪೆರೋಲ್ ಪದ್ಧತಿಯ ಬೇರುಗಳಲ್ಲಿ ಈ ಚೀಟಿನೂ ಒಂದು.

ಮೆಟ್ಟಿಲು ಕೆಳಕ್ಕೂ ಇತ್ತು. ಮತ್ತೆ ತಪ್ಪು ಮಾಡಿದ್ರೆ ಕಾಲಿಗೆ ಕಬ್ಬಿಣ ಹಾಕಿ ರಸ್ತೆ ಕೆಲಸ, ಅದಕ್ಕೂ ಬಗ್ಗದೇ ಇದ್ರೆ ನಾರ್ಫೋಕ್ ದ್ವೀಪ, ಮೆಕ್ವಾರಿ ಹಾರ್ಬರ್, ಪೋರ್ಟ್ ಆರ್ಥರ್. ನಾವು ಚಿತ್ರಗಳಲ್ಲಿ ನೋಡೋ ಕ್ರೂರ ಜೈಲುಗಳು ಇವು. ಪೋರ್ಟ್ ಆರ್ಥರಿಂದ ಹೊರಗೆ ಬರೋಕೆ ಇದ್ದಿದ್ದು ನೂರು ಮೀಟರ್ ಅಗಲನೂ ಇಲ್ಲದ ಒಂದು ನೆಲದ ಪಟ್ಟಿ, ಅದ್ರ ಅಡ್ಡಕ್ಕೆ ಸಾಲಾಗಿ ನಾಯಿಗಳನ್ನ ಕಟ್ಟಿದ್ರು. 1849ರ ಹೊತ್ತಿಗೆ ಅಲ್ಲಿ ಹೊಸ ಥರದ ಜೈಲು ಕಟ್ಟಿದ್ರು, ಹೊಡೆಯೋದು ಇಲ್ಲ, ಮಾತೇ ಆಡೋ ಹಾಗಿಲ್ಲ, ಸೆಲ್ಲಿಂದ ಹೊರಗೆ ಬಂದ್ರೆ ಮುಖಕ್ಕೆ ಮುಸುಕು, ಚರ್ಚಲ್ಲೂ ಪಕ್ಕದವ್ನು ಕಾಣದ ಹಾಗೆ ಹಲಗೆ. ಚಾಟಿಗಿಂತ ಇದು ಮೇಲು ಅಂತ ಕಟ್ಟಿದವ್ರು ನಂಬಿದ್ರು, ಮೌನ ತಡೆಯೋಕಾಗದೇ ಎಷ್ಟೋ ಜನರ ಮನಸ್ಸು ಕೆಟ್ಟಿತು.

ಮೇಲಕ್ಕೆ ಹತ್ತಿದವ್ರೂ ಇದ್ರು. ಮೇರಿ ರೀಬಿ ಅನ್ನೋ ಹುಡುಗಿ 13ನೇ ವಯಸ್ಸಲ್ಲಿ ಗಂಡು ವೇಷದಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದು 1792ರಲ್ಲಿ ಸಿಡ್ನಿಗೆ ಬಂದ್ಲು, ಆಮೇಲೆ ಹಡಗು, ಗೋದಾಮು ಇರೋ ದೊಡ್ಡ ವ್ಯಾಪಾರಿ ಆದ್ಲು, ಈಗ ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲೆ ಇರೋದು ಅವಳ ಮುಖ. ಫ್ರಾನ್ಸಿಸ್ ಗ್ರೀನ್‌ವೇ ದಾಖಲೆ ಫೋರ್ಜರಿ ಮಾಡಿ 1814ರಲ್ಲಿ ಬಂದವ್ನು, ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್ ಡಿಸೈನ್ ಮಾಡಿದ್ದು ಅವನೇ. ಇಂಥವ್ರಿಗೆ ಅವಕಾಶ ಕೊಟ್ಟಿದ್ದು ಗವರ್ನರ್ ಲಾಕ್ಲನ್ ಮೆಕ್ವಾರಿ, 1810ರಿಂದ 1821ರವರೆಗೆ ಇದ್ದವ್ನು, ಶಿಕ್ಷೆ ಮುಗಿದವ್ನು ಎಲ್ಲರಿಗೂ ಸಮಾನ ಅಂತ ಮಾಜಿ ಕೈದಿಗಳನ್ನ ತನ್ನ ಊಟದ ಮೇಜಿಗೆ ಕರೀತಿದ್ದ. ಇವನಿಗೂ ನಮ್ಮ ನೆಲಕ್ಕೂ ನಂಟಿದೆ. ಟಿಪ್ಪು ವಿರುದ್ಧದ ಯುದ್ಧಗಳಲ್ಲಿ ಬಾಂಬೆ ಸೈನ್ಯದ ಜೊತೆ ಬಂದಿದ್ದ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದ. ಅದಕ್ಕೂ ಮುಂಚೆ 1795ರಲ್ಲಿ ಕೊಚ್ಚಿಯಲ್ಲಿ ಒಬ್ಬ ಪುಟ್ಟ ಹುಡುಗನನ್ನ ದುಡ್ಡು ಕೊಟ್ಟು ಕೊಂಡಿದ್ದ, ಜಾರ್ಜ್ ಜಾರ್ವಿಸ್ ಅಂತ ಹೆಸರಿಟ್ಟು ತನ್ನ ಜೊತೆಗೇ ಇಟ್ಕೊಂಡ, ಆ ಹುಡುಗ ದೊಡ್ಡವನಾಗಿ ಸಿಡ್ನಿಗೂ ಹೋದ. ಕೈದಿಗಳಿಗೆ ಮನುಷ್ಯತ್ವ ತೋರಿಸಿದ ಗವರ್ನರ್ ಅಂತ ಓದೋವಾಗ ಇದನ್ನೂ ಜೊತೆಗೆ ಓದಬೇಕು.

ರಾಜಕೀಯ ಕೈದಿಗಳು

ಎಲ್ರೂ ಕಳ್ಳರಲ್ಲ. 1798ರ ದಂಗೆ ಆದ ಮೇಲೆ ಐರಿಶ್ ಬಂಡಾಯಗಾರರು ಬಂದ್ರು, 1839ರ ನ್ಯೂಪೋರ್ಟ್ ದಂಗೆ ಆದ ಮೇಲೆ ಓಟಿನ ಹಕ್ಕು ಕೇಳಿದ ಚಾರ್ಟಿಸ್ಟ್ ಮುಖಂಡರು ಬಂದ್ರು. ತುಂಬಾ ಹೆಸರಾದವ್ರು ಟೋಲ್‌ಪಡಲ್ ಅನ್ನೋ ಹಳ್ಳಿಯ ಆರು ಜನ ಕೂಲಿಗಳು. ವಾರಕ್ಕೆ 7 ಶಿಲ್ಲಿಂಗ್ ಇದ್ದ ಕೂಲಿ 6ಕ್ಕೆ ಇಳಿಸ್ತೀವಿ ಅಂದಾಗ ಸಂಘ ಕಟ್ಟಿದ್ರು. ಸಂಘ ಕಟ್ಟೋದು ಆಗ ಕಾನೂನು ಪ್ರಕಾರ ತಪ್ಪಲ್ಲ, ಹಾಗಾಗಿ ಗುಟ್ಟಾಗಿ ಪ್ರಮಾಣ ಮಾಡಿದ್ರು ಅನ್ನೋ ನೆಪದಲ್ಲಿ 1834ರಲ್ಲಿ 7 ವರ್ಷ ಗಡೀಪಾರು. ಇಂಗ್ಲೆಂಡಲ್ಲಿ ಭಾರೀ ಮೆರವಣಿಗೆ, ಅರ್ಜಿ ಚಳವಳಿ ನಡೆದು 1836ರಲ್ಲಿ ಕ್ಷಮಾದಾನ ಸಿಕ್ತು.

ಇದೇ ಕಾಲಕ್ಕೆ ಬ್ರಿಟಿಷರು ಭಾರತದ ಕೈದಿಗಳನ್ನೂ ಹಡಗು ಹತ್ತಿಸ್ತಿದ್ರು, ಪೆನಾಂಗ್, ಸಿಂಗಾಪುರ, ಮಾರಿಷಸ್ ಕಡೆಗೆ. 1837ರ ಅಮರ ಸುಳ್ಯ ದಂಗೆಯಲ್ಲಿ ಸಿಕ್ಕಿಬಿದ್ದವ್ರಲ್ಲಿ ಕೆಲವ್ರನ್ನ ನೇಣಿಗೆ ಹಾಕಿ, ಕೆಲವ್ರನ್ನ ಸಿಂಗಾಪುರಕ್ಕೆ ಕಳಿಸಿದ್ರು. 1858ರಲ್ಲಿ ಅಂಡಮಾನ್ ಶುರುವಾಯ್ತು, ನಾವು ಕರಿನೀರಿನ ಶಿಕ್ಷೆ ಅಂತ ಕೇಳಿರೋದು ಅದು. ಎರಡೂ ಒಂದೇ ಸಾಮ್ರಾಜ್ಯದ ಒಂದೇ ಉಪಾಯ.

ಆ ನೆಲ ಯಾರದ್ದು?

ಸಿಡ್ನಿ ಖಾಲಿ ಜಾಗ ಆಗಿರ್ಲಿಲ್ಲ. ಗಡಿಗಲ್ ಮತ್ತೆ ಇನ್ನೂ ಹಲವು ಕುಲದ ಜನ ಸಾವಿರಾರು ವರ್ಷದಿಂದ ಅಲ್ಲಿದ್ರು. ಅವ್ರ ಜೊತೆ ಒಪ್ಪಂದ ಮಾಡ್ಕೊಳ್ಳದೇ ನೆಲ ತಗೊಂಡ್ರು. 1789ರಲ್ಲಿ ಸಿಡುಬು ಬಂದು ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಸುಮಾರು ಅರ್ಧ ಜನ ಸತ್ತಿರಬಹುದು ಅಂತ ಫಿಲಿಪ್ಪೇ ಅಂದಾಜು ಮಾಡಿದ್ದ. ಆಮೇಲೆ ಕುರಿ ಹಟ್ಟಿಗಳು ಒಳನಾಡಿಗೆ ಹಬ್ಬಿದ ಹಾಗೆ ಗಡಿಯಲ್ಲಿ ಮೊದ್ಲು ಹೋಗಿ ನಿಂತವ್ರು ಕೈದಿ ಕುರುಬರೇ. 1838ರ ಜೂನಲ್ಲಿ ಮಯಾಲ್ ಕ್ರೀಕ್ ಅನ್ನೋ ಕಡೆ ಕನಿಷ್ಠ 28 ಜನ ಮೂಲನಿವಾಸಿಗಳನ್ನ, ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರನ್ನ, ಕೊಂದವ್ರ ಗುಂಪಲ್ಲಿ ಒಬ್ಬನನ್ನ ಬಿಟ್ರೆ ಉಳಿದವ್ರೆಲ್ಲಾ ಕೈದಿಗಳು ಇಲ್ಲಾ ಮಾಜಿ ಕೈದಿಗಳು. ಏಳು ಜನಕ್ಕೆ ನೇಣಾಯ್ತು, ಆದ್ರೆ ಮುಂದಾಳಾಗಿದ್ದ, ಕೈದಿಯಲ್ಲದ ಆ ಒಬ್ಬ ಮಾತ್ರ ಸಿಗಲೇ ಇಲ್ಲ. ತಾವೇ ಏಟು ತಿಂದವ್ರು ಇನ್ನೊಬ್ಬರ ಮೇಲೆ ಕೈ ಎತ್ತಿದ್ದು ಈ ಇತಿಹಾಸದಲ್ಲಿ ಪದೇ ಪದೇ ಕಾಣುತ್ತೆ. ಜನವರಿ 26ಕ್ಕೆ ಮೂಲನಿವಾಸಿಗಳು ಪ್ರತಿಭಟನೆ ಮಾಡೋದು ಇದಕ್ಕೇ.

ನಿಂತಿದ್ದು ಹೇಗೆ?

ಎರಡು ಕಡೆಯಿಂದ ವಿರೋಧ ಬಂತು. ಬ್ರಿಟನ್ನಲ್ಲಿ 1837-38ರ ಮೋಲ್ಸ್‌ವರ್ತ್ ಕಮಿಟಿ ಇದು ಹತ್ತಿರ ಹತ್ತಿರ ಗುಲಾಮಗಿರಿನೇ ಅಂತ ವರದಿ ಕೊಡ್ತು. ಆಸ್ಟ್ರೇಲಿಯಾದಲ್ಲಿ ಸ್ವತಂತ್ರವಾಗಿ ಬಂದ ಕೂಲಿಗಳಿಗೆ ಬಿಟ್ಟಿ ದುಡಿಯೋರ ಜೊತೆ ಪೈಪೋಟಿ ಬೇಡವಾಗಿತ್ತು. 1840ರಲ್ಲಿ ನ್ಯೂ ಸೌತ್ ವೇಲ್ಸಿಗೆ ಕಳಿಸೋದು ನಿಂತು, ಎಲ್ಲಾ ಹೊರೆ ದಕ್ಷಿಣಕ್ಕಿರೋ ವ್ಯಾನ್ ಡೀಮನ್ಸ್ ಲ್ಯಾಂಡ್ ಅನ್ನೋ ದ್ವೀಪದ ಮೇಲೆ ಬಿತ್ತು. 1851ರಲ್ಲಿ ಚಿನ್ನ ಸಿಕ್ತು, ದುಡ್ಡು ಖರ್ಚು ಮಾಡ್ಕೊಂಡು ಜನ ತಾವೇ ಓಡಿ ಬರೋ ಜಾಗಕ್ಕೆ ಕಳ್ಳನನ್ನ ಸರ್ಕಾರಿ ಖರ್ಚಲ್ಲಿ ಕಳಿಸೋದು ಶಿಕ್ಷೆ ಹೇಗಾಗುತ್ತೆ? 1853ರಲ್ಲಿ ಅಲ್ಲೂ ನಿಲ್ಲಿಸಿದ್ರು, ಹಳೇ ಹೆಸರಿನ ಕಳಂಕ ಬೇಡ ಅಂತ 1856ರಲ್ಲಿ ದ್ವೀಪದ ಹೆಸರನ್ನೇ ಟಾಸ್ಮೇನಿಯಾ ಅಂತ ಬದಲಾಯಿಸಿದ್ರು. ಪಶ್ಚಿಮ ಆಸ್ಟ್ರೇಲಿಯಾ ಮಾತ್ರ ಕೂಲಿಗಳು ಸಾಲದೇ ತಾನಾಗೇ ಕೇಳಿ 1850ರಿಂದ ಗಂಡು ಕೈದಿಗಳನ್ನ ತರಿಸ್ಕೊಳ್ತು. ಕೊನೇ ಹಡಗು ಹೂಗೂಮಾಂಟ್, 1868ರ ಜನವರಿಯಲ್ಲಿ ಫ್ರೀಮ್ಯಾಂಟಲ್ ಬಂದರು ತಲುಪಿತು.

ಹಾಗಾದ್ರೆ ಅವ್ರೆಲ್ಲಾ ಕೈದಿಗಳ ವಂಶದವ್ರಾ?

ಇಲ್ಲ. ಚಿನ್ನದ ಹತ್ತು ವರ್ಷದಲ್ಲೇ ಆಸ್ಟ್ರೇಲಿಯಾದ ಜನಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯ್ತು, ಬಂದವ್ರು ಸ್ವಂತ ಇಷ್ಟದಿಂದ ಬಂದವ್ರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿ, ಗ್ರೀಸ್, ಆಮೇಲೆ ವಿಯೆಟ್ನಾಂ, ಚೀನಾ, ಭಾರತದಿಂದ ಬಂದವ್ರು ಸೇರಿ ಲೆಕ್ಕನೇ ಬೇರೆ ಆಗಿದೆ. ಈಗ ಐದು ಜನರಲ್ಲಿ ಒಬ್ಬರಿಗೆ ಕೈದಿ ಪೂರ್ವಜರು ಇರಬಹುದು ಅನ್ನೋದು ಸಾಮಾನ್ಯವಾಗಿ ಹೇಳೋ ಅಂದಾಜು. ಮಾಜಿ ಪ್ರಧಾನಿ ಕೆವಿನ್ ರಡ್ ಮೇಲೆ ಹೇಳಿದ ಮೇರಿ ವೇಡ್ ವಂಶದವ್ರು.

ಒಂದು ಕಾಲದಲ್ಲಿ ಮನೆತನದಲ್ಲಿ ಕೈದಿ ಇದ್ದ ಅನ್ನೋದನ್ನ ಮಕ್ಕಳಿಗೂ ಹೇಳದೇ ಮುಚ್ಚಿಡ್ತಿದ್ರು, ಈಗ ಹುಡುಕಿ ಹುಡುಕಿ ತೆಗೀತಿದಾರೆ. ಹಡಗು ಇಳಿಯೋವಾಗ ಬರ್ಕೊಂಡ ಆ ರಿಜಿಸ್ಟರುಗಳು ಉಳಿದಿವೆ, ಟಾಸ್ಮೇನಿಯಾ ಸರ್ಕಾರದ ಆರ್ಕೈವ್ಸಿನವು ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತೆ. ಹೆಸರು ಹಾಕಿ ಹುಡುಕಿದ್ರೆ ಒಂದು ಪುಟ ತೆರ್ಕೊಳ್ಳುತ್ತೆ, ಕೈಬರಹದಲ್ಲಿ ಎತ್ತರ, ಹಚ್ಚೆ, ಮನೆಯಲ್ಲಿ ಯಾರ್ಯಾರು, ಅದ್ರ ಕೆಳಗೆ ವರ್ಷ ವರ್ಷದ ತಪ್ಪುಗಳು, ಏಟುಗಳ ಲೆಕ್ಕ, ಕೊನೆಗೆ ಚೀಟಿ ಸಿಕ್ಕ ತಾರೀಖು. ಅಲ್ಲಿ ಓದ್ತಿರೋ ನಿಮ್ಮ ಮನೆ ಮಕ್ಕಳಿಗೆ ಸ್ಕೂಲ್ ಪ್ರಾಜೆಕ್ಟ್ ಇದ್ರೆ ಪುಸ್ತಕಕ್ಕಿಂತ ಮೊದ್ಲು ಆ ಪುಟಗಳಲ್ಲಿ ಒಂದನ್ನ ತೋರಿಸಿ.